ಸೋದರತ್ತೆಯ ಚೆಕ್ಕಿಗೆ ನಾನು ಮಾಡಿದ ಉಪಕಾರ

ಗೆಳೆಯರೇ, ತಮ್ಮ ಮಗಳ ಮದುವೆಗೆ ತಮಿಳುನಾಡಿನ ಅವಿನಾಶಿಯಲ್ಲಿ ಮಂಟಪ ಹಿಡಿಯಲು ಸೋದರತ್ತೆ ಇಂದು ಮುಂಗಡದ ಚೆಕ್ ಬರೆದು, ಪದ್ಧತಿಯಂತೆ ನಾಲ್ಕು ಮೂಲೆಗೂ ಅರಿಸಿನ ಹಚ್ಚಿದರು. ಮಧ್ಯಾಹ್ನದೊಳಗೆ ಅದನ್ನು ಬ್ಯಾಂಕಿನಲ್ಲಿ ಮಂಟಪದವರ ಖಾತೆಗೆ ಕಟ್ಟದಿದ್ದರೆ ಆ ಮುಹೂರ್ತಕ್ಕೆ ಮಂಟಪ ಬೇರೆಯವರ ಪಾಲು.

“ಕೆಳಗಿನ ಅಂಕಿಗಳನ್ನು ಯಂತ್ರ ಓದಬೇಕು ಅತ್ತೆ, ಅದಕ್ಕೂ ಅರಿಸಿನವೇ?” ಎಂದು ಪದವೀಧರನ ಗತ್ತಿನಲ್ಲಿ ಒದ್ದೆ ಕರವಸ್ತ್ರದಿಂದ ಆ ಸಾಲಿನುದ್ದಕ್ಕೂ ಉಜ್ಜಿದೆ.

“ಮಂಜಳ್ ಒರೆಸ್‌ಬ್ಯಾಡ ಡಾ, ಕಲ್ಯಾಣದ ಕಾಗ್ದ ಅದು,” ಎಂದರು ಅತ್ತೆ. ಅಂಕಿಯ ವಿಷಯದಲ್ಲಿ ನಾನು ಯಾರ ಅಂಕೆಗೂ ಸಿಗುವವನಲ್ಲ.

ಬ್ಯಾಂಕಿನ ಕೌಂಟರಿನ ಹೆಂಗಸು ಚೆಕ್ಕನ್ನು ಬೆಳಕಿಗೆ ಹಿಡಿದು, ತಮಿಳಿನಲ್ಲಿ ನಿಧಾನವಾಗಿ ಹೇಳಿದರು: “ತಂಬಿ, ಇದು ಅಯಸ್ಕಾಂತದ ಮಸಿ. ಮಂಜಳ್ ಇದ್ದಿದ್ದರೂ ಮೆಷಿನ್ ಓದುತ್ತಿತ್ತು. ಮಸಿಯೇ ಹೋದರೆ ಏನು ಓದುತ್ತೆ? ಇಲ್ಲಿ ಮೂರು ಅಂಕಿ ಊರಿನದು, ಮೂರು ಬ್ಯಾಂಕಿನದು, ಮೂರು ಶಾಖೆಯದು. ನೀವು ಊರನ್ನೇ ಒರೆಸಿಬಿಟ್ಟಿದ್ದೀರಿ.”

ಜೊತೆಗೆ ಬಂದಿದ್ದ ಅತ್ತೆ ಅಲ್ಲೇ ಹೊಸ ಚೆಕ್ ಬರೆದು, ಮೂಲೆಗಳಿಗೆ ಅರಿಸಿನ ಹಚ್ಚಿ, ನನ್ನ ಕೈಗೆ ಸಿಗದಂತೆ ಗಾಜಿನಡಿ ತಳ್ಳಿದರು.

ಮಂಟಪ ಸಿಕ್ಕಿತು. ಮದುವೆಯಲ್ಲಿ ಎಲೆ ಹಾಸುವ ಕೆಲಸ ನನಗಂತೆ. ಮೇಜು ಒರೆಸುವುದಕ್ಕೆ ಮಾತ್ರ ಬೇರೆಯವರಿಗೆ ಹೇಳಿದ್ದಾರೆ.