ಲೇತ್ ಅಂಗಡಿಯಲ್ಲಿ ನನ್ನ ಚೌಕಾಸಿ

ಟೊಮೆಟೊ ಸಾಗಿಸುವ ನಮ್ಮ ಹಳೆಯ ಲಾರಿಯ ಎಂಜಿನ್ ಬಿಚ್ಚಿ ಚಿಂತಾಮಣಿಯ ಲೇತ್ ಅಂಗಡಿಗೆ ತಂದಿದ್ದೆವು. ಯಾರು ಎಷ್ಟು ಕೇಳಿದರೂ ತಲೆಯಾಡಿಸಿಬಿಡುವ ನನ್ನ ಗಂಡನನ್ನು ನಂಬದೆ, ಅತ್ತೆಯವರು ನನ್ನನ್ನೂ ಜೊತೆಗೆ ಕಳುಹಿಸಿದ್ದರು. ನಮ್ಮ ಬಳಿ ಇದ್ದದ್ದು ನಲವತ್ತು ಸಾವಿರ. ಅದು ಸಾಲದಿದ್ದರೆ ಲಾರಿಯನ್ನು ಗುಜರಿಗೆ ಹಾಕುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ಸಿಲಿಂಡರ್ ಕೊರೆಯೋ ಬೋರಿಂಗ್ ಕೆಲಸಕ್ಕೇ ನಲವತ್ತು ಸಾವಿರ ಆಗ್ತದಮ್ಮ. ಎಂಜಿನ್ನಿನ ಹೆಡ್ಡು, ಕ್ರ್ಯಾಂಕು ರಿಪೇರಿಗೆ ಬೇರೆ ದುಡ್ಡು," ಎಂದರು ಅಂಗಡಿಯ ಸಾಹೇಬರು.

ನಲವತ್ತರ ಮೇಲೆ ಹಣವಿಲ್ಲವೆಂದು ಹೇಳಲು ನಾಚಿಕೆಯಿಂದ ನನಗೆ ಬಾಯಿ ಬರಲಿಲ್ಲ. ಸೆರಗು ಹಿಡಿದು ನೆಲ ನೋಡುತ್ತ ಕುಳಿತೆ.

"ಹೋಗ್ಲಿ, ಹೆಡ್ಡು ಅದರಲ್ಲೇ ಮಾಡಿಕೊಡ್ತೀನಿ."

ಗಂಡ ತಲೆಯಾಡಿಸಲು ಹೊರಟರು. ನಾನು ಮೆಲ್ಲಗೆ ಅವರ ಕಾಲು ತುಳಿದೆ.

"ಏನಮ್ಮ ನೀವು, ಬಾಯೇ ಬಿಡಲ್ವಲ್ಲ! ತಗೊಳ್ಳಿ, ಕ್ರ್ಯಾಂಕೂ ಸೇರಿಸಿದೆ. ಇನ್ನೂ ಹಿಂಗೇ ಕೂತ್ರೆ ನಾನು ಅಂಗಡಿ ಮುಚ್ಕೊಂಡು ಹೋಗಬೇಕಾಗ್ತದೆ!"

"ಆಗಲಿ," ಎಂದೆ. ಅಂದು ನಾನು ಅಲ್ಲಿ ಆಡಿದ ಮಾತು ಅದೊಂದೇ.

ಈಗ ನಮ್ಮೂರಿನ ಲಾರಿಯವರೆಲ್ಲ ರೇಟು ಮಾತಾಡಲು ನನ್ನನ್ನೇ ಕರೆದೊಯ್ಯುತ್ತಾರೆ. ತೊಂದರೆಯೆಂದರೆ, ಹೀಗೆ ಓಡಾಡಿ ನನ್ನ ನಾಚಿಕೆ ಸವೆಯುತ್ತಿದೆ. ಮೊನ್ನೆ ಮೈಮರೆತು ಸಾಹೇಬರ ಮೊಮ್ಮಗಳ ಯೋಗಕ್ಷೇಮ ವಿಚಾರಿಸಿಬಿಟ್ಟೆ. ಅವತ್ತು ಅವರು ರೇಟಿನಲ್ಲಿ ಒಂದು ರೂಪಾಯಿಯನ್ನೂ ಬಿಡಲಿಲ್ಲ.