ಎರಡು ಜೀಪು ಕೇಳುಗರು

ಕಾಸರಗೋಡಿನ ಕಥಾ ಉತ್ಸವದಲ್ಲಿ ಯಾರು ಬೇಕಾದರೂ ತಾವು ಬರೆದ ಕಥೆ ಓದಬಹುದು. ಕುಂಜತ್ತೂರಿನಿಂದ ಬಸ್ಸಿನಲ್ಲಿ ಒಬ್ಬಳೇ ಬಂದೆ. ಉಳಿದವರೆಲ್ಲ ಕೇಳುಗರನ್ನು ಮನೆಯಿಂದಲೇ ತಂದಿದ್ದರು. ಒಬ್ಬ ಅಜ್ಜನ ಕಥೆ ಮುಗಿದದ್ದೇ ಮೂರು ಸಾಲು ಮೊಮ್ಮಕ್ಕಳು ಎದ್ದು ಊಟಕ್ಕೆ ಹೋದರು.

“ನಿನ್ನ ಕಡೆಯವರು ಎಲ್ಲಿ ಮಾರಾಯ್ತಿ?” ಹೆಸರು ಕರೆಯುವ ಮಾಷ್ಟ್ರು ಕೇಳಿದರು.

“ಹಿಂದೆ ಬರ್ತಾ ಇದ್ದಾರೆ. ಎರಡು ಜೀಪು ಜನ ಉಂಟು.”

ನಿಜವೆಂದರೆ ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಕೊನೆಯ ಸರದಿ ನನ್ನದು. ಆ ಹೊತ್ತಿಗೆ ಫ್ಯಾನು ಆರು, ಕೇಳುಗರು ಸೊನ್ನೆ. ಅಷ್ಟರಲ್ಲಿ ಇಬ್ಬರು ಹೆಂಗಸರು ಬಂದು ಎದುರು ಸಾಲಿನಲ್ಲಿ ಕೂರಲು ಹೋದರು.

“ಅಲ್ಲಿ ಬೇಡ ಅಕ್ಕ, ಈ ಹುಡುಗಿಯ ಕಡೆಯವರು ಬರ್ಲಿಕ್ಕುಂಟು,” ಎಂದರು ಮಾಷ್ಟ್ರು. ಆ ಹೆಂಗಸರೂ ಊಟಕ್ಕೆ ಹೋದರು.

ಓದಿದೆ. ಜನ ನಗಬೇಕಾದಲ್ಲಿ, ಅಭ್ಯಾಸ ಮಾಡಿದ ಹಾಗೆಯೇ, ಸ್ವಲ್ಪ ನಿಲ್ಲಿಸಿದೆ. ಮಾಷ್ಟ್ರು ಜೀಪು ಬಂತೋ ಎಂದು ಗೇಟಿನ ಕಡೆ ನೋಡುತ್ತಿದ್ದರು.