ತಟ್ಟೆಯಲ್ಲಿ ಉಳಿದ ನೊರೆಯಪ್ಪ

ಪ್ರಯೋಗಾಲಯದಲ್ಲಿ ರೋಗಾಣು ಬೆಳೆಸುವ ಗಾಜಿನ ತಟ್ಟೆ ತೊಳೆಯುವವನಿಗೆ ಎಲ್ಲರೂ ಇಟ್ಟ ಹೆಸರು ನೊರೆಯಪ್ಪ. ಮೊಣಕೈವರೆಗೂ ಸದಾ ಸೋಪಿನ ನೊರೆ. ಬೈದರೆ ನಗುತ್ತಿದ್ದ. ಯಾರೂ ಬೈಯದಿದ್ದರೆ ಏನೋ ತಪ್ಪಾಗಿದೆ ಎಂದು ಹೆದರುತ್ತಿದ್ದ. ಮನೆಯಲ್ಲೂ ಅಷ್ಟೇ. ಅಡುಗೆಗೆ ಉಪ್ಪು ಬೀಳದಿದ್ದರೂ ತಲೆ ಬಗ್ಗಿಸಿ ಉಣ್ಣುತ್ತಿದ್ದ.

"ಬಾಯಲ್ಲಿ ನಾಲಿಗೆ ಇದೆಯೋ, ಅದನ್ನೂ ತೊಳೆದು ಒಣಗೋಕೆ ಹಾಕಿದ್ದೀರೋ?" ಎಂದು ಹೆಂಡತಿ ರೇಗುತ್ತಿದ್ದಳು.

"ಇರಲಿ ಬಿಡೇ" ಎನ್ನುತ್ತಿದ್ದ.

ಹಿಮ್ಮಡಿಯ ಹುಣ್ಣಿಗೂ ಅದನ್ನೇ ಹೇಳಿದ. ಹುಣ್ಣು ಸುಮ್ಮನಿರಲಿಲ್ಲ, ಹಬ್ಬಿತು. ಅದರ ಕೀವು ಪರೀಕ್ಷೆಗೆ ಹೋದದ್ದು ಅವನದೇ ಪ್ರಯೋಗಾಲಯಕ್ಕೆ. ಅದರಲ್ಲಿದ್ದ ಬ್ಯಾಕ್ಟೀರಿಯಾ ಯಾವ ಔಷಧಿಗೂ ಜಗ್ಗಲಿಲ್ಲ. ತನ್ನ ಕೀವಿನ ಬ್ಯಾಕ್ಟೀರಿಯಾ ಬೆಳೆದ ತಟ್ಟೆಯನ್ನು ತಾನೇ ತೊಳೆದಿಟ್ಟು ಮನೆಗೆ ಬಂದವನು, "ನಂದು ಬಲೇ ಗಟ್ಟಿಯಂತೆ ಕಣೇ" ಎಂದ. ಆಮೇಲೆ ಜ್ವರ ಏರಿತು, ತೀರಿಕೊಂಡ.

ಅವನ ಕೆಲಸ ಹೆಂಡತಿಗೆ ಸಿಕ್ಕಿತು. ಪರೀಕ್ಷೆ ಮುಗಿದ ತಟ್ಟೆಗಳನ್ನು ರೋಗಾಣು ಸಾಯುವಂತೆ ದೊಡ್ಡ ಕುಕ್ಕರಿನಲ್ಲಿ ಬೇಯಿಸಿ, ಆಮೇಲೆ ತೊಳೆಯುವುದು. ಮೊದಲ ದಿನ ಬಕೆಟ್ ಹಿಡಿದು ಒಳಗೆ ಕಾಲಿಟ್ಟಳು. ಕನ್ನಡಕದ ಸಹಾಯಕ ಕೂಗಿದ: "ಮೇಡಂ, ನೊರೆಯಪ್ಪ ಚೆನ್ನಾಗಿ ಬೆಳೆದಿದ್ದಾನೆ!"

ಬಕೆಟ್ ಕೈಜಾರಿತು.

ಪರೀಕ್ಷೆ ನಡೆಸುತ್ತಿದ್ದ ಮೇಡಂ ನಾಲಿಗೆ ಕಚ್ಚಿಕೊಂಡರು. "ಗುರುತಿಗೆ ಅಂತ ಹೆಸರು ಬರೀತೀವಮ್ಮ. ಅವರ ಹುಣ್ಣಲ್ಲಿದ್ದ ಬ್ಯಾಕ್ಟೀರಿಯಾ ಇದು, ಫ್ರಿಜ್ಜಲ್ಲಿ ಸ್ವಲ್ಪ ಉಳಿಸ್ಕೊಂಡು ಹೊಸ ಹೊಸ ತಟ್ಟೆಯಲ್ಲಿ ಬೆಳೆಸ್ತೀವಿ. ಹೊಟ್ಟೆಹುಳಕ್ಕೆ ಕೊಡೋ ಮಾತ್ರೆ ಇದನ್ನ ಕೊಲ್ಲುತ್ತಾ ಅಂತ ನೋಡ್ತಿದ್ದೀವಿ."

"ಅವ್ರ ಕಾಲಲ್ಲಿ ಹುಳ ಇರ್ಲಿಲ್ವಲ್ಲ ಮೇಡಂ?"

"ಹುಳದ ಔಷಧಿ ಬೇರೆಯದಕ್ಕೂ ಆಗುತ್ತಾ ಅನ್ನೋದೇ ಪರೀಕ್ಷೆ. ತಟ್ಟೆಯಲ್ಲಿ ಸತ್ರೆ ಮೈಯಲ್ಲೂ ಸಾಯುತ್ತೆ ಅಂತಲ್ಲ. ಅದು ಮುಂದಿನ ಮಾತು."

"ಊಟಕ್ಕೇನು ಹಾಕ್ತೀರಿ ಇದಕ್ಕೆ?"

"ಮಾಂಸದ ಸತ್ವ, ಗಂಜಿ. ರಾತ್ರಿಯೆಲ್ಲ ಬೆಚ್ಚಗಿರೋ ಪೆಟ್ಟಿಗೆಯಲ್ಲಿ ಇಡ್ತೀವಿ."

"ಬದುಕಿದ್ದಾಗ ಅವರಿಗೆ ಇಷ್ಟು ಉಪಚಾರ ಯಾರೂ ಮಾಡಲಿಲ್ಲ."

ಗಂಡನದು ಅಂತ ಜೀವಂತ ಉಳಿದಿರುವುದು ಲೋಕದಲ್ಲಿ ಇದೊಂದೇ ಎಂದು ಅವಳ ತಲೆಗೆ ಹೊಕ್ಕಿತು. ಅದು ಸಾಯಬಾರದು. ಅವನ ಹೆಸರಿನ ತಟ್ಟೆಯನ್ನು ಕುಕ್ಕರಿಗೆ ಹಾಕುವಾಗ ಕೈ ಬಾರದೆ, ಎಲ್ಲಕ್ಕಿಂತ ಕೊನೆಗೆ ಹಾಕುತ್ತಿದ್ದಳು. ಮೇಡಂ ಔಷಧಿ ಅದ್ದಿದ ಚಿಕ್ಕ ಕಾಗದದ ಬಿಲ್ಲೆಯನ್ನು ಹೊಸ ತಟ್ಟೆಯ ಮೇಲಿಟ್ಟು ಹೋಗುತ್ತಿದ್ದರು. ಔಷಧಿ ನಾಟಿದರೆ ಬೆಳಗ್ಗೆ ಬಿಲ್ಲೆಯ ಸುತ್ತ ಖಾಲಿ ಉಂಗುರ ಕಾಣಬೇಕು. ಕಾಣಲಿಲ್ಲ.

"ನಿಮ್ಮ ಯಜಮಾನ್ರು ಬಲೇ ಹಟಮಾರಿ" ಎಂದ ಸಹಾಯಕ.

"ಮದುವೆಯಾದಾಗಿನಿಂದ ಇದನ್ನೇ ಕಾಯ್ತಿದ್ದೆ" ಎಂದಳು. ಯಾರೂ ಇಲ್ಲದಾಗ ತಟ್ಟೆಗೆ ಬಗ್ಗಿ, "ಬಿಡಬೇಡಿ ರೀ" ಎಂದು ಪಿಸುಗುಟ್ಟಿದಳು.

ಮೇಡಂ ಔಷಧಿ ಜಾಸ್ತಿ ಮಾಡುತ್ತಾ ಹೋದರು. ಒಂದು ಬೆಳಗ್ಗೆ ಒಳಗಿನಿಂದ ಚಪ್ಪಾಳೆ. "ನೊರೆಯಪ್ಪ ಸತ್ತ!" ಎಂದು ಸಹಾಯಕ ಕುಣಿದ. ಬಾಗಿಲಲ್ಲಿ ಅವಳನ್ನು ಕಂಡು ಅವನ ಕೈ ಗಾಳಿಯಲ್ಲೇ ನಿಂತಿತು.

ಅವಳು ತಟ್ಟೆ ಎತ್ತಿ ನೋಡಿದಳು. ಬಿಲ್ಲೆಯ ಸುತ್ತ ಉಂಗುರ ಖಾಲಿಯಾಗಿತ್ತು. ಉಳಿದ ಕಡೆಯೆಲ್ಲ ಅದು ಅಂಚಿನವರೆಗೂ ದಪ್ಪಗೆ ಹರಡಿ, ಇಡೀ ತಟ್ಟೆ ತನ್ನಪ್ಪನದು ಎನ್ನುವಂತೆ ಕೂತಿತ್ತು. ಅವನ ಕಾಲಿನ ಮೇಲೂ ಹೀಗೇ ಕೂತಿತ್ತು. ಅವಳ ಗಂಡ ಯಾರದನ್ನೂ ಹೀಗೆ ಕಬಳಿಸಿದವನಲ್ಲ.

"ಇದು ಅವರಲ್ಲ" ಎಂದಳು.

ತಟ್ಟೆಗೆ ಅಂಟಿಸಿದ್ದ ಹೆಸರಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. "ಫ್ರಿಜ್ಜಲ್ಲಿ ಇಟ್ಟಿರೋದಕ್ಕೂ ಬೇರೆ ಹೆಸರು ಬರೀರಿ ಮೇಡಂ."

"ಏನಂತ ಬರೀಲಮ್ಮ?"

"ನಿಮ್ಮತ್ತೆ ಹೆಸರು ಬರೀರಿ."

ಮೇಡಂಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ತಟ್ಟೆಯನ್ನು ಕುಕ್ಕರಿನ ತಳಕ್ಕೇ ಇಟ್ಟಳು, ಎಲ್ಲಕ್ಕಿಂತ ಮೊದಲು.

"ಇದನ್ನ ಎರಡು ಸಲ ಬೇಯಿಸ್ತೀನಿ."

"ಒಂದೇ ಸಲ ಸಾಕು, ಏನೂ ಉಳಿಯಲ್ಲ."

"ಅವರನ್ನ ತಿಂದಿದ್ದಕ್ಕೆ ಒಂದು ಸಲ. ಅವರ ಹೆಸರು ಹೇಳ್ಕೊಂಡು ಮೆರೆದಿದ್ದಕ್ಕೆ ಇನ್ನೊಂದು ಸಲ."

ಮುಚ್ಚಳದ ತಿರುಪುಗಳನ್ನು ಒಂದೊಂದಾಗಿ ಬಿಗಿದಳು. ಮೇಡಂ ತಡೆಯಲಿಲ್ಲ.